ಎಸ್.ಪಿ. ರೋಡಿನ ಆ ಅಣ್ಣನಿಗೆ

2008ರ ಮಳೆಗಾಲ. ತೀರ್ಥಹಳ್ಳಿ ಹತ್ತಿರದ ನಮ್ಮೂರಲ್ಲಿ ಇಂಟರ್ನೆಟ್ ಅಂದ್ರೆ ಫೋನ್ ತಂತಿಯೇ. ಒಂದು ಸಿಡಿಲಿಗೆ, ಆ ತಂತಿಯಿಂದ ಇಂಟರ್ನೆಟ್ ಕನೆಕ್ಟ್ ಮಾಡುವ ಲ್ಯಾಪ್‌ಟಾಪ್ ಒಳಗಿನ ಮೋಡೆಮ್ ಸುಟ್ಟಿತು. ದುಬೈನಲ್ಲಿದ್ದ ತಮ್ಮನ ಮೇಲ್ ನೋಡೋಕೆ ದಾರಿಯೇ ಇಲ್ಲ. ಅಮ್ಮ ದಿನಾ ಕೇಳುತ್ತಿದ್ದರು. ಎರಡು ಅಂಗಡಿಯವರು "ಮದರ್‌ಬೋರ್ಡೇ ಬದಲಿಸಬೇಕು" ಎಂದರು.

ಬೆಂಗಳೂರಿನ ಕಂಪ್ಯೂಟರ್ ಅಂಗಡಿಗಳ ಬೀದಿ ಎಸ್.ಪಿ. ರೋಡಿನಲ್ಲಿ ನೀವು ಮಾತ್ರ "ಕೂತ್ಕೊಳ್ಳಿ ಸರ್, ಬಿಚ್ಚಿ ನೋಡೋಣ" ಅಂದಿರಿ. ಬ್ಯಾಟರಿ ತೆಗೆದು, ಸ್ಕ್ರೂಗಳನ್ನು ಟಿಫಿನ್ ಡಬ್ಬಿಯ ಮುಚ್ಚಳದಲ್ಲಿ ಬಿಚ್ಚಿದ ಕ್ರಮದಲ್ಲೇ ಜೋಡಿಸಿಟ್ಟಿರಿ. ಕೀಬೋರ್ಡ್ ಕೆಳಗೆ ಬೆಂಕಿಪೊಟ್ಟಣದಷ್ಟು ಪುಟ್ಟ ಕಾರ್ಡ್, ಅದೇ ಮೋಡೆಮ್. ಎರಡೇ ಸ್ಕ್ರೂ, ಫೋನ್ ಜಾಕ್‌ಗೆ ಹೋಗುವ ಎರಡೆಳೆ ವೈರ್. ಒಂದು ಮೂಲೆ ಕಪ್ಪಾಗಿತ್ತು. "ಸಿಡಿಲು ಇಲ್ಲೇ ನಿಂತಿದೆ, ಮದರ್‌ಬೋರ್ಡ್ ಉಳ್ಕೊಂಡಿದೆ" ಅಂತ ಟಾರ್ಚ್ ಹಿಡಿದು ನನಗೂ ತೋರಿಸಿದಿರಿ. ಗುಜರಿ ಲ್ಯಾಪ್‌ಟಾಪಿನಿಂದ ಅದೇ ನಂಬರಿನ ಕಾರ್ಡ್ ತೆಗೆದು, ಹೆಬ್ಬೆರಳಲ್ಲಿ ಮೆಲ್ಲಗೆ ಒತ್ತಿ ಕೂರಿಸಿದಿರಿ. ಪಕ್ಕದ ಅಂಗಡಿಯ ಫೋನ್ ವೈರ್ ಎಳೆದು ತಂದು ಡಯಲ್ ಮಾಡಿದಾಗ, ಮೋಡೆಮ್ ಕನೆಕ್ಟ್ ಆಗುವ ಆ ಕೀಂ, ಖರ್ರ್ ಸದ್ದು ಕೇಳಿ ನನ್ನ ಗಂಟಲು ಕಟ್ಟಿತು.

ಕಾರ್ಡಿನ ದುಡ್ಡು ಮಾತ್ರ ತಗೊಂಡಿರಿ. "ಗುಡುಗು ಶುರುವಾದ್ರೆ ಮೊದ್ಲು ಫೋನ್ ವೈರ್ ಕಿತ್ತಿಡಿ" ಅಂದಿರಿ. ಇಂದಿಗೂ ಹಾಗೇ ಮಾಡ್ತೀನಿ. ಮರುದಿನ ಅಮ್ಮ ತಮ್ಮನ ಹನ್ನೊಂದು ಮೇಲ್ ಒಟ್ಟಿಗೆ ಓದಿಸಿಕೊಂಡರು. ಅವಸರದಲ್ಲಿ ನಿಮ್ಮ ಹೆಸರು ಕೇಳಲಿಲ್ಲ. ತುಂಬಾ ಥ್ಯಾಂಕ್ಸ್ ಅಣ್ಣಾ.