16 ಮಕ್ಕಳ ತರಗತಿಯನ್ನು ಶೇಕಡಾದಲ್ಲಿ ಅಳೆಯಬೇಡಿ

ಮಾನ್ಯ ಸಂಪಾದಕರೇ,

ಹತ್ತನೇ ತರಗತಿಯ ಫಲಿತಾಂಶ ಬಂದ ವಾರವೆಲ್ಲ ಮಹಾರಾಷ್ಟ್ರದ ಗಡಿ ತಾಲ್ಲೂಕುಗಳಾದ ಅಕ್ಕಲಕೋಟೆ, ಜತ್ತ, ದಕ್ಷಿಣ ಸೊಲ್ಲಾಪುರದ ಕನ್ನಡ ಮಾಧ್ಯಮ ಹೈಸ್ಕೂಲುಗಳ ಸುದ್ದಿ ಸಾಲುಗಟ್ಟಿ ಬರುತ್ತದೆ. ಒಂದು ಶಾಲೆಗೆ ಶೇ. 100, ಪಕ್ಕದೂರಿನದಕ್ಕೆ ಶೇ. 81, ಮತ್ತೊಂದಕ್ಕೆ 'ಕಳೆದ ವರ್ಷಕ್ಕಿಂತ ಕುಸಿತ'. ಪುಣೆಯಲ್ಲಿ ನೆಲೆ ನಿಂತ ಆ ಭಾಗದ ಕನ್ನಡಿಗರು ಊರ ಶಾಲೆಗೆ ದೇಣಿಗೆ ಕೊಡುವಾಗ ಈ ಅಂಕಿಯನ್ನೇ ನಂಬುತ್ತಾರೆ. ಮಕ್ಕಳನ್ನು ಎಲ್ಲಿ ಸೇರಿಸಬೇಕೆಂದು ಊರಲ್ಲಿರುವವರು ತೀರ್ಮಾನಿಸುವುದೂ ಇದನ್ನು ನೋಡಿಯೇ. ಸಣ್ಣ ಶಾಲೆಯ ಮಟ್ಟಿಗೆ ಈ ಅಂಕಿ ಬಹುತೇಕ ಏನನ್ನೂ ಹೇಳುವುದಿಲ್ಲ.

ಲೆಕ್ಕ ಹಾಕಿ ನೋಡಿ. ಹತ್ತನೆಯಲ್ಲಿ 16 ಮಕ್ಕಳಿದ್ದರೆ ಒಬ್ಬ ಹುಡುಗ ಒಂದು ವಿಷಯದಲ್ಲಿ ಬಿದ್ದರೂ ಫಲಿತಾಂಶ 6.25 ಅಂಶ ಇಳಿಯುತ್ತದೆ. ಪ್ರತಿ ಮಗುವೂ ಪಾಸಾಗುವ ಸಾಧ್ಯತೆ ಶೇ. 90 ಎಂದು ಹಿಡಿಯೋಣ. ಶಿಕ್ಷಕರು ಅವರೇ, ಪಾಠ ಅದೇ, ಏನೂ ಬದಲಾಗಿಲ್ಲ. ಆದರೂ ಸುಮಾರು ಐದು ವರ್ಷಕ್ಕೊಮ್ಮೆ ಆ ಶಾಲೆಗೆ ಶೇ. 100 ಬರುತ್ತದೆ; ಸುಮಾರು ಐದು ವರ್ಷಕ್ಕೊಮ್ಮೆಯೇ 81 ಅಥವಾ ಅದಕ್ಕಿಂತ ಕೆಳಗೂ ಇಳಿಯುತ್ತದೆ. ಮೊದಲನೆಯ ವರ್ಷ ಮುಖ್ಯೋಪಾಧ್ಯಾಯರಿಗೆ ಶಾಲು ಹೊದಿಸುತ್ತೇವೆ, ಎರಡನೆಯ ವರ್ಷ ನೋಟಿಸು ಕೊಡುತ್ತೇವೆ. 160 ಮಕ್ಕಳಿರುವ ಪಟ್ಟಣದ ಶಾಲೆ ಇದೇ ಶೇ. 90ರ ಮಟ್ಟದಲ್ಲಿದ್ದರೆ ಆಕಸ್ಮಿಕವಾಗಿ ನೂರು ಮುಟ್ಟುವುದು ಅಸಾಧ್ಯವೆಂದೇ ಹೇಳಬೇಕು. ಹಾಗಾಗಿ ಪಟ್ಟಿಯ ತುದಿಯಲ್ಲೂ ತಳದಲ್ಲೂ ಹೆಚ್ಚಾಗಿ ಸಣ್ಣ ಶಾಲೆಗಳೇ ಕಾಣಿಸುತ್ತವೆ. ಕನಿಷ್ಠ ಮೂರು ವರ್ಷದ ಮಕ್ಕಳನ್ನು ಒಟ್ಟಿಗೆ ಕೂಡಿಸಿ ಲೆಕ್ಕ ಹಾಕಬೇಕು. ಮೂರು ವರ್ಷದ ಶೇಕಡಾಗಳ ಸರಾಸರಿ ತೆಗೆದರೆ ಸಾಲದು, ಏಕೆಂದರೆ ಒಂದು ವರ್ಷ 9 ಮಕ್ಕಳಿದ್ದು ಮರುವರ್ಷ 22 ಇರಬಹುದು.

ಇದಕ್ಕಿಂತ ದೊಡ್ಡ ತಪ್ಪು ಛೇದದಲ್ಲಿದೆ. 2025ರಲ್ಲಿ ಮಹಾರಾಷ್ಟ್ರದ ಒಟ್ಟು ಫಲಿತಾಂಶ ಶೇ. 94.10. ಅದು ಪರೀಕ್ಷೆಗೆ ಕೂತವರಲ್ಲಿ ಪಾಸಾದವರ ಪ್ರಮಾಣ. ಕೂರದೇ ಹೋದವರು ಅದರಲ್ಲಿ ಇಲ್ಲ. ಒಂದು ಶಾಲೆಯಲ್ಲಿ ಎಂಟನೆಗೆ 24 ಮಕ್ಕಳಿದ್ದರು, ಒಂಬತ್ತು ದಾಟುವಾಗ 19 ಉಳಿದರು, ಪರೀಕ್ಷೆಗೆ 16 ಮಂದಿ ಕೂತು 15 ಮಂದಿ ಪಾಸಾದರು ಎನ್ನಿ. ಪತ್ರಿಕೆಯಲ್ಲಿ ಬರುವುದು ಶೇ. 94. ಎಂಟನೆಯಿಂದ ಹೊರಟವರಲ್ಲಿ ದಡ ಸೇರಿದ್ದು ಶೇ. 62.5. ಶಿಕ್ಷಣ ಹಕ್ಕು ಕಾಯ್ದೆಯ ರಕ್ಷಣೆ 14 ವರ್ಷಕ್ಕೆ, ಅಂದರೆ ಎಂಟನೆಗೆ ಮುಗಿಯುತ್ತದೆ. ಮಕ್ಕಳು ಸದ್ದಿಲ್ಲದೆ ಉದುರುವುದು ಒಂಬತ್ತರಲ್ಲಿ. ದುರ್ಬಲ ಮಗುವನ್ನು ಒಂಬತ್ತರಲ್ಲೇ ತಡೆದು ನಿಲ್ಲಿಸಿದರೆ, ಇಲ್ಲವೇ 17 ನಂಬರ್ ಫಾರ್ಮ್ ತುಂಬಿಸಿ ಖಾಸಗಿ ಅಭ್ಯರ್ಥಿಯನ್ನಾಗಿ ಮಾಡಿದರೆ ಶಾಲೆಯ ಅಂಕಿ ಥಳಥಳಿಸುತ್ತದೆ. ಅಂಥ ಮಗುವನ್ನೂ ಕೈಬಿಡದೆ ಪರೀಕ್ಷೆಗೆ ಕೂರಿಸಿ ಶೇ. 85 ತಂದ ಶಾಲೆ ನಮ್ಮ ದೃಷ್ಟಿಯಲ್ಲಿ ಹೆಚ್ಚಿನದು.

ಇನ್ನು ಆ ಮಕ್ಕಳು ಯಾರ ಮಕ್ಕಳು ಎಂಬ ಮಾತು. ಜತ್ತದಂಥ ಮಳೆ ಕಡಿಮೆಯ ತಾಲ್ಲೂಕಿನಲ್ಲಿ ಮುಕಾದಮನಿಂದ (ಕೂಲಿಗಳನ್ನು ಕರೆದೊಯ್ಯುವ ಗುತ್ತಿಗೆದಾರ) ಉಚಲ, ಅಂದರೆ ಮುಂಗಡ ಹಣ, ಪಡೆದ ಕುಟುಂಬ ದಸರೆ-ದೀಪಾವಳಿಯ ಹೊತ್ತಿಗೆ ಕಬ್ಬು ಕಡಿಯಲು ಹೊರಡುತ್ತದೆ. ಕಾರ್ಖಾನೆಯ ಹಂಗಾಮು ಮುಗಿಯುವುದು ಮಾರ್ಚಿನ ಆಸುಪಾಸಿಗೆ. ಸರ್ಕಾರದ ಶಾಲಾ ಮಾಹಿತಿ ವ್ಯವಸ್ಥೆಯಾದ ಯುಡೈಸ್‌ನ ಎಣಿಕೆಯ ದಿನ ಸೆಪ್ಟೆಂಬರ್ 30, ವಲಸೆಗೆ ಮುಂಚೆ. ಹಾಜರಿ ಪುಸ್ತಕದಲ್ಲಿ ಮಗು ಇರುತ್ತದೆ, ನವೆಂಬರಿನಲ್ಲಿ ಬೆಂಚು ಖಾಲಿ. ಪೂರ್ವಸಿದ್ಧತಾ ಪರೀಕ್ಷೆ, ಪ್ರಾಯೋಗಿಕ, ಆಂತರಿಕ 20 ಅಂಕದ ಚಟುವಟಿಕೆಗಳೆಲ್ಲ ನಡೆಯುವುದು ಇದೇ ತಿಂಗಳುಗಳಲ್ಲಿ. 35ಕ್ಕೆ ಪಾಸು ಎನ್ನುವಾಗ ಆಂತರಿಕ ಅಂಕ ಕಳೆದುಕೊಂಡ ಮಗು ಅರ್ಧ ಸೋತಂತೆಯೇ. 2025ರಲ್ಲಿ ಬೋರ್ಡು ಪರೀಕ್ಷೆ ಫೆಬ್ರುವರಿ 21ಕ್ಕೇ ಶುರುವಾಯಿತು. ತಾಯಿ-ತಂದೆ ಇನ್ನೂ ಗದ್ದೆಯಲ್ಲಿದ್ದರು. ಮಕ್ಕಳನ್ನು ಊರಲ್ಲೇ ಉಳಿಸಿಕೊಳ್ಳುವ ಹಂಗಾಮಿ ವಸತಿ ವ್ಯವಸ್ಥೆ ಮುಖ್ಯವಾಗಿ ಎಂಟನೆಯವರೆಗಿನವರಿಗೆ. ಒಂಬತ್ತು, ಹತ್ತರ ಮಕ್ಕಳಿಗೆ ಅಜ್ಜಿಯ ಮನೆಯೇ ಹಾಸ್ಟೆಲು. ಹೆಣ್ಣುಮಕ್ಕಳಿಗೆ ಎಸ್‌ಟಿ (ಸರ್ಕಾರಿ ಬಸ್ಸಿನ) ಪಾಸು ಉಚಿತವಿದೆ, ಆದರೆ ಸಂಜೆಯ ವಿಶೇಷ ತರಗತಿ ಮುಗಿಯುವ ಹೊತ್ತಿಗೆ ಬಸ್ಸಿಲ್ಲದಿದ್ದರೆ ಆ ಪಾಸಿನಿಂದೇನು?

ಕಬ್ಬಿಗೆ ಹೋಗದವರು ಪುಣೆಗೆ ಬರುತ್ತಾರೆ. ಕಟ್ಟಡ ಕೆಲಸದ ಶೆಡ್ಡುಗಳಲ್ಲಿ ಒಂಬತ್ತನೇ ತರಗತಿಯ ಕನ್ನಡ ಮಾಧ್ಯಮದ ಹುಡುಗನಿಗೆ ಹತ್ತಿರದಲ್ಲಿ ಸಿಗುವುದು ಮರಾಠಿ ಮಾಧ್ಯಮ. ರೇಖಾಗಣಿತದ ಪ್ರಮೇಯವನ್ನು ಇನ್ನೊಂದು ಭಾಷೆಯಲ್ಲಿ ಮೊದಲಿನಿಂದ ಕಲಿಯಬೇಕು; ಅನೇಕರು ಓದನ್ನು ಅಲ್ಲಿಗೇ ಬಿಡುತ್ತಾರೆ. ಹಳೆಯ ಶಾಲೆ ಯುಡೈಸ್ ಪೋರ್ಟಲಿನಲ್ಲಿ ಹೆಸರು ಬಿಡುಗಡೆ ಮಾಡದಿದ್ದರೆ ಹೊಸ ಶಾಲೆಯ ಪಟ್ಟಿಗೆ ಹೆಸರು ಏರುವುದು ಕಷ್ಟ. ಎಷ್ಟೋ ಹೆಸರುಗಳು ಇನ್ನೂ ಯಾವ ಶಾಲೆಗೂ ಸೇರದವರ ಪಟ್ಟಿಯಾದ ಡ್ರಾಪ್‌ಬಾಕ್ಸಿನಲ್ಲೇ ಉಳಿಯುತ್ತವೆ. ಊರು ಬಿಡುವ ಮುನ್ನ ಪಾಲಕರು ಟಿಸಿಯ ಜೊತೆಗೆ ಮಗುವಿನ ಪೆನ್ ಸಂಖ್ಯೆಯನ್ನೂ (ಶಾಶ್ವತ ಶಿಕ್ಷಣ ಸಂಖ್ಯೆ) ಬರೆಸಿಕೊಂಡರೆ ಹುಡುಕುವುದು ಸುಲಭ.

ಶಿಕ್ಷಕರ ಕೊರತೆಯ ಬಗ್ಗೆ ಹೊಸದಾಗಿ ಹೇಳಬೇಕಾದ್ದು ಕಡಿಮೆ. ಹುದ್ದೆಗಳು ಮಂಜೂರಾಗುವುದು ಮಕ್ಕಳ ಸಂಖ್ಯೆಯ ಮೇಲೆ. ಸಣ್ಣ ಹೈಸ್ಕೂಲಿನ ಒಬ್ಬನೇ ಗಣಿತ-ವಿಜ್ಞಾನ ಶಿಕ್ಷಕ ನಿವೃತ್ತನಾದ ವರ್ಷದ ಫಲಿತಾಂಶವನ್ನು ಮಕ್ಕಳ ತಲೆಗೆ ಕಟ್ಟಬಾರದು.

ಆದ್ದರಿಂದ ತಮ್ಮ ಪತ್ರಿಕೆ ಶಾಲೆಯ ಹೆಸರಿನ ಮುಂದೆ ಶೇಕಡಾದ ಬದಲು ನಾಲ್ಕು ಸಂಖ್ಯೆ ಅಚ್ಚುಮಾಡಲಿ: ಎರಡು ವರ್ಷದ ಹಿಂದೆ ಎಂಟನೆಯಲ್ಲಿದ್ದವರು, ಟಿಸಿ ಪಡೆದು ಬೇರೆ ಶಾಲೆ ಸೇರಿದವರು, ಪರೀಕ್ಷೆಗೆ ಕೂತವರು, ಪಾಸಾದವರು. ನಡುವೆ ಹೊಸದಾಗಿ ಸೇರಿದವರನ್ನು ಬೇರೆಯಾಗಿ ತೋರಿಸಲಿ. ಮುಖ್ಯೋಪಾಧ್ಯಾಯರ ಜನರಲ್ ರಿಜಿಸ್ಟರಿನಲ್ಲಿ ಇವೆಲ್ಲ ಇವೆ, ಅರ್ಧ ಗಂಟೆಯ ಕೆಲಸ. ದೇಣಿಗೆ ಕೊಡುವ ಪುಣೆಯ ಕನ್ನಡಿಗರೂ ಇದನ್ನೇ ಕೇಳಲಿ. ಕೊಡುವ ಹಣದಲ್ಲಿ ಮೊದಲ ಪಾಲು ನವೆಂಬರಿನಿಂದ ಮಾರ್ಚಿನವರೆಗೆ ಊರಲ್ಲಿ ಉಳಿಯುವ ಒಂಬತ್ತು-ಹತ್ತರ ಮಕ್ಕಳ ಊಟ ಮತ್ತು ಸಂಜೆಯ ವಾಹನಕ್ಕೆ ಹೋಗಲಿ, ಕಂಪ್ಯೂಟರು ಆಮೇಲೆ. ಆ ಮಕ್ಕಳ ಪಟ್ಟಿಯನ್ನು ಸೆಪ್ಟೆಂಬರಿನಲ್ಲೇ, ಮುಕಾದಮನ ಟ್ರ್ಯಾಕ್ಟರ್ ಊರಿಗೆ ಬರುವ ಮೊದಲೇ ಮಾಡಿಕೊಳ್ಳಬೇಕು.

— ಗ್ರಾಮೀಣ ಕನ್ನಡ ಶಾಲೆಗಳ ಹಿತೈಷಿಗಳು, ಪುಣೆ