ಓದು ಕಲಿಸುವ ಜಾಲತಾಣದಲ್ಲಿ ತಪ್ಪು ಧ್ವನಿಪಾಠ: ತಿದ್ದುಪಡಿ ಹಾಗೂ ಹಣ ವಾಪಸಾತಿ ಕೋರಿ ದೂರು

ಇವರಿಗೆ,
ಗ್ರಾಹಕ ದೂರು ಪರಿಹಾರ ಅಧಿಕಾರಿಗಳು ಮತ್ತು ಪಠ್ಯ ವಿಭಾಗದ ಮುಖ್ಯಸ್ಥರು

ಮಾನ್ಯರೇ,

ನಾನು ಧಾರವಾಡ ಜಿಲ್ಲೆಯ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ನಲಿ-ಕಲಿ (ಚಟುವಟಿಕೆಗಳ ಮೂಲಕ ನಲಿಯುತ್ತ ಕಲಿಸುವ ಪದ್ಧತಿ) ತರಗತಿಯ ಮಕ್ಕಳಿಗೆ ಪಾಠ ಹೇಳಿ ನಿವೃತ್ತಳಾದ ಶಿಕ್ಷಕಿ. ಐದು ವರ್ಷದ ಮೊಮ್ಮಗಳಿಗಾಗಿ 3,499 ರೂಪಾಯಿ ಕಟ್ಟಿ ನಿಮ್ಮ ಜಾಲತಾಣಕ್ಕೆ ಒಂದು ವರ್ಷದ ಚಂದಾದಾರಳಾಗಿದ್ದೇನೆ. ಮೂವತ್ತು ದಿನಗಳಲ್ಲಿ ಮಗು ಕನ್ನಡ ಮತ್ತು ಇಂಗ್ಲಿಷ್ ಎರಡನ್ನೂ ತಾನೇ ಓದುತ್ತದೆ ಎಂದು ನೀವು ಜಾಹೀರಾತಿನಲ್ಲಿ ಭರವಸೆ ಕೊಟ್ಟಿದ್ದೀರಿ. ಎರಡೂ ವಿಭಾಗಗಳ ಪಾಠಗಳನ್ನು ಮೊಮ್ಮಗಳ ಪಕ್ಕದಲ್ಲಿ ಕುಳಿತು ಪೂರ್ತಿಯಾಗಿ ನೋಡಿದ ಮೇಲೆ ಈ ಪತ್ರ ಬರೆಯುತ್ತಿದ್ದೇನೆ. ತಾಣದ ಬಣ್ಣ, ಹಾಡು, ಚಿತ್ರಗಳ ಬಗ್ಗೆ ನನ್ನ ತಕರಾರೇನೂ ಇಲ್ಲ. ಓದು ಕಲಿಸುತ್ತೇವೆಂದು ಹಣ ಪಡೆಯುವ ತಾಣದಲ್ಲಿ ಅಕ್ಷರಗಳ ಧ್ವನಿಯೇ ತಪ್ಪಾಗಿದೆ. ನನ್ನ ದೂರಿನ ತಿರುಳು ಇದು.

ಇಂಗ್ಲಿಷ್ ಫೋನಿಕ್ಸ್ ಪಾಠಗಳನ್ನು ಮೊದಲು ತೆಗೆದುಕೊಳ್ಳುತ್ತೇನೆ. ಅಕ್ಷರಕ್ಕೂ ಧ್ವನಿಗೂ ಇರುವ ನಂಟನ್ನು ತೋರಿಸಿ, ಧ್ವನಿಗಳನ್ನು ಕೂಡಿಸಿ ಪದ ಓದಿಸುವುದೇ ಫೋನಿಕ್ಸ್. ಕೂಡಿಸಲು ಬರಬೇಕಾದರೆ ವ್ಯಂಜನದ ಧ್ವನಿ ಬಾಲವಿಲ್ಲದೆ ಬರಬೇಕು. ನಿಮ್ಮ ಧ್ವನಿಮುದ್ರಣದಲ್ಲಿ ಬಿ ಅಕ್ಷರಕ್ಕೆ ‘ಬ’, ಟಿ ಅಕ್ಷರಕ್ಕೆ ‘ಟ’, ಎಂ ಅಕ್ಷರಕ್ಕೆ ‘ಮ’ ಎಂದು ತುಂಬು ಅಕಾರ ಸೇರಿಸಿ ಹೇಳಿದ್ದಾರೆ. ಮೊಮ್ಮಗಳು ‘ಬ-ಆ್ಯ-ಟ’ ಎಂದು ಹೇಳಿ, ಮೂರನ್ನೂ ಕೂಡಿಸಲು ಹೋಗಿ, ಬ್ಯಾಟ್ ಎಂಬ ಪದ ಸಿಗದೆ ನನ್ನ ಮುಖ ನೋಡುತ್ತಾಳೆ. ಅವಳು ಕೇಳಿದ್ದನ್ನು ಕೇಳಿದ ಹಾಗೆಯೇ ಕೂಡಿಸಿದ್ದಾಳೆ. ಅವಳ ತಪ್ಪು ಇದರಲ್ಲಿ ಎಳ್ಳಷ್ಟೂ ಇಲ್ಲ. ಮ್, ಸ್, ಫ್ ಧ್ವನಿಗಳನ್ನು ಎಳೆದು ಹೇಳಬಹುದು. ಬ್, ಟ್, ಕ್ ಎಳೆಯಲು ಬರುವುದಿಲ್ಲವಾದ್ದರಿಂದ ಅವನ್ನು ಚುಟುಕಾಗಿ ಬಿಡಬೇಕು. ಕನ್ನಡ ಮನೆಯ ಮಗುವಿಗೆ ಈ ಎಚ್ಚರ ಇನ್ನೂ ಹೆಚ್ಚು ಬೇಕು, ಏಕೆಂದರೆ ನಮ್ಮ ಲಿಪಿಯಲ್ಲಿ ‘ಕ’ ಎಂದು ಬರೆದರೆ ಅಕಾರ ಅದರೊಳಗೇ ಇರುತ್ತದೆ. ಇಂಗ್ಲಿಷಿನಲ್ಲಿ ಸ್ವರಕ್ಕೆ ಬೇರೆಯೇ ಅಕ್ಷರವಿದೆ ಎಂಬುದು ಆ ಮಗುವಿನ ಕಿವಿಗೆ ಮೊದಲ ದಿನದಿಂದಲೇ ಬೀಳಬೇಕು.

ನಿಮ್ಮ ಚಿತ್ರಗಳೂ ಧ್ವನಿಗೆ ವಿರುದ್ಧವಾಗಿವೆ. ಜಿ ಅಕ್ಷರದ ಧ್ವನಿ ‘ಗ್’ ಎಂದು ಹೇಳಿದ ಮರುಕ್ಷಣ ಜಿರಾಫೆ ಬರುತ್ತದೆ. ಎಕ್ಸ್ ಅಕ್ಷರಕ್ಕೆ ಝೈಲೋಫೋನ್ ಇಟ್ಟಿದ್ದೀರಿ. ಅಲ್ಲಿ ಕೇಳುವುದು ‘ಝ್’. ಫಾಕ್ಸ್, ಬಾಕ್ಸ್ ಪದಗಳ ಕೊನೆಯಲ್ಲಿ ಅದರ ನಿಜವಾದ ಧ್ವನಿ ಸಿಗುತ್ತಿತ್ತು. ಇಂಗ್ಲಿಷಿನ 26 ಅಕ್ಷರಗಳು ಸುಮಾರು 44 ಧ್ವನಿಗಳ ಭಾರ ಹೊತ್ತಿವೆ. ಆದರೂ ಎರಡಕ್ಷರ ಸೇರಿ ಹುಟ್ಟುವ ಶ್, ಚ್, ಥ್ ಧ್ವನಿಗಳಿಗೆ ನಿಮ್ಮಲ್ಲಿ ಒಂದು ಪಾಠವೂ ಇಲ್ಲ. ಎಯಿಂದ ಝೆಡ್‌ವರೆಗೆ ವರ್ಣಮಾಲೆಯ ಕ್ರಮದಲ್ಲೇ ಸಾಗುವುದರಿಂದ ಮಗು ಮೊದಲ ಪದ ಓದುವುದಕ್ಕೆ ಬಹಳ ಕಾಯಬೇಕು. ಎಸ್, ಎ, ಟಿ, ಪಿ, ಐ, ಎನ್ ಎಂಬ ಆರು ಅಕ್ಷರಗಳಿಂದ ಆರಂಭಿಸುವ ಕ್ರಮ ಬಹುಕಾಲದಿಂದ ಬಳಕೆಯಲ್ಲಿದೆ. ಆ ಆರರಿಂದಲೇ ಸ್ಯಾಟ್, ಪಿನ್, ಟ್ಯಾಪ್, ನ್ಯಾಪ್‌ನಂಥ ಹಲವು ಪದಗಳನ್ನು ಓದಿಸಬಹುದು.

ಇದಕ್ಕಿಂತ ನನಗೆ ಹೆಚ್ಚು ಕಳವಳ ತಂದಿರುವುದು ‘ನಾನು ಓದಬಲ್ಲೆ’ ಎಂಬ ಹಂತ. ಅಲ್ಲಿ ಪ್ರತಿ ಪದದ ಮೇಲೂ ಚಿತ್ರವಿದೆ. ನಾಯಿಯ ಚಿತ್ರ ನೋಡಿ ಮಗು ‘ಡಾಗ್’ ಎಂದರೆ ಸಾಕು, ನಕ್ಷತ್ರ ಬೀಳುತ್ತದೆ. ನಾನು ಚಿತ್ರವನ್ನು ಕೈಯಿಂದ ಮುಚ್ಚಿದಾಗ, ಹಿಂದಿನ ದಿನ ನೂರಕ್ಕೆ ನೂರು ಅಂಕ ಪಡೆದಿದ್ದ ಮೊಮ್ಮಗಳಿಗೆ ಒಂದು ಪದವನ್ನೂ ಓದಲಾಗಲಿಲ್ಲ. ಇಂಗ್ಲೆಂಡಿನ ಶಾಲೆಗಳಲ್ಲಿ 2012ರಿಂದ ನಡೆಯುತ್ತಿರುವ ಫೋನಿಕ್ಸ್ ಪರೀಕ್ಷೆಯಲ್ಲಿ 40 ಪದಗಳಿರುತ್ತವೆ. ಅವುಗಳಲ್ಲಿ 20 ಅರ್ಥವೇ ಇಲ್ಲದ, ಪರೀಕ್ಷೆಗೆಂದೇ ಕಟ್ಟಿದ ಪದಗಳು. ಮಗು ನೆನಪಿನಿಂದ ಹೇಳುತ್ತಿದೆಯೋ, ಅಕ್ಷರ ಕೂಡಿಸಿ ಓದುತ್ತಿದೆಯೋ ಎಂದು ತಿಳಿಯಲು ಹೀಗೆ ಮಾಡುತ್ತಾರೆ. ನಿಮ್ಮ ತಾಣದಲ್ಲಿ ಅಂಥ ಒಂದು ಪರಿಶೀಲನೆಯೂ ಇಲ್ಲ. ಇರುವುದು ಪೋಷಕರಿಗೆ ವಾರಕ್ಕೊಮ್ಮೆ ಬರುವ ಪ್ರಗತಿಪತ್ರ ಮಾತ್ರ. ಅದರ ಪ್ರಕಾರ ನನ್ನ ಮೊಮ್ಮಗಳು ಈಗ ‘ಸ್ವತಂತ್ರ ಓದುಗಾರ್ತಿ’. ಆ ಮಾತನ್ನು ನಂಬಿದ ತಂದೆತಾಯಿ, ತಮ್ಮ ಮಗು ಎಡವುತ್ತಿರುವುದನ್ನು ನೋಡಬೇಕಾದ ಹೊತ್ತಿನಲ್ಲೇ ನೋಡದೆ ಹೋಗುತ್ತಾರೆ. ಇದು ಬಹು ದೊಡ್ಡ ಅನ್ಯಾಯ.

ಕನ್ನಡ ವಿಭಾಗದ ಬಗ್ಗೆ ಬರೆಯುವಾಗ ನನಗೆ ಸಿಟ್ಟು ಬರುತ್ತದೆ, ಅದನ್ನು ಮರೆಮಾಚುವುದಿಲ್ಲ. ಇಂಗ್ಲಿಷ್ ಪಾಠದ ಚೌಕಟ್ಟನ್ನು ಹಾಗೆಯೇ ಇಟ್ಟು, ಒಳಗಿನ ಅಕ್ಷರ ಬದಲಿಸಿ, ‘ಕನ್ನಡ ಫೋನಿಕ್ಸ್’ ಎಂದು ಹೆಸರಿಟ್ಟಿದ್ದೀರಿ. 49 ವರ್ಣಗಳನ್ನು ಅ ಇಂದ ಳ ವರೆಗೆ ಒಂದಾದ ಮೇಲೊಂದು ತೋರಿಸಿ ಪಾಠ ಮುಗಿಸಿದ್ದೀರಿ. ಐದು ವರ್ಷದ ಮಗುವಿಗೆ ಙ, ಞ ಕಲಿಸುವ ಅವಸರ ಏನಿತ್ತು? ಹೆಗ್ಗಡದೇವನಕೋಟೆಯಲ್ಲಿ 1995ರಲ್ಲಿ ಶುರುವಾಗಿ ಆಮೇಲೆ ರಾಜ್ಯಕ್ಕೆಲ್ಲ ಹಬ್ಬಿದ ನಲಿ-ಕಲಿಯಲ್ಲಿ ನಾವು ರ, ಗ, ಸ, ದ, ಅ ಎಂಬ ಐದು ಅಕ್ಷರಗಳಿಂದ ಆರಂಭಿಸುತ್ತಿದ್ದೆವು. ಆ ಐದರಲ್ಲೇ ಅರಸ, ಅಗಸ, ಸರ, ದಸರ, ಗರಗಸ ಎಲ್ಲವೂ ಇವೆ. ‘ಗರಗಸ’ ಎಂದು ತಾನೇ ಓದಿದ ಮಗುವಿನ ಮುಖ ನೋಡಿದವರು ವರ್ಣಮಾಲೆಯ ಕಂಠಪಾಠವನ್ನು ಓದು ಎಂದು ಕರೆಯುವುದಿಲ್ಲ.

ಕಾಗುಣಿತಕ್ಕೆ ನಿಮ್ಮಲ್ಲಿ ಒಂದೇ ಹಾಡಿದೆ, ಅದೂ ‘ಕ’ಕಾರಕ್ಕೆ ಮಾತ್ರ. 34 ವ್ಯಂಜನಗಳಿಗೆ ಸ್ವರಚಿಹ್ನೆ ಸೇರಿದರೆ ನಾನೂರಕ್ಕೂ ಹೆಚ್ಚು ರೂಪಗಳಾಗುತ್ತವೆ, ಮತ್ತು ಎಲ್ಲವೂ ‘ಕ’ದ ಅಚ್ಚಿನಲ್ಲಿ ಬರುವುದಿಲ್ಲ. ‘ಕು’ದಲ್ಲಿ ಪಕ್ಕಕ್ಕೆ ಬರುವ ಕೊಂಬು ‘ಪು’, ‘ವು’ಗಳಲ್ಲಿ ಕೆಳಗೆ ಸೇರುತ್ತದೆ. ‘ವು’ ಮತ್ತು ‘ಮ’ ನಡುವೆ ತಡವರಿಸದ ಮಗುವನ್ನು ನಾನು ಕಂಡಿಲ್ಲ. ಒತ್ತಕ್ಷರಗಳ ಪಾಠವಂತೂ ನಿಮ್ಮ ತಾಣದಲ್ಲಿ ಇಲ್ಲವೇ ಇಲ್ಲ. ಅಮ್ಮ, ಅಪ್ಪ, ಅಜ್ಜಿ, ಬೆಕ್ಕು, ಹಣ್ಣು: ಮಗು ದಿನಕ್ಕೆ ನೂರು ಸಲ ಆಡುವ ಈ ಮಾತುಗಳಲ್ಲಿ ಒಂದನ್ನೂ ಒತ್ತಕ್ಷರವಿಲ್ಲದೆ ಓದಲಾಗದು. ‘ಸೂರ್ಯ’ ಪದದಲ್ಲಿ ‘ಯ’ಕ್ಕಿಂತ ಮೊದಲು ಉಚ್ಚರಿಸುವ ರ್ ಬರಹದಲ್ಲಿ ಅದರ ನಂತರ, ಕೊನೆಗೆ ಬರುತ್ತದೆ. ದೊಡ್ಡ ಮಕ್ಕಳಿಗೂ ಇದನ್ನು ನಿಧಾನವಾಗಿ ಬಿಡಿಸಿ ಹೇಳಬೇಕು. ಕನ್ನಡ ಮಕ್ಕಳ ಓದಿನ ಬಗ್ಗೆ ಸಂಶೋಧಕಿ ಸೋನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನವೂ, ನಮ್ಮ ಅಕ್ಷರಗಳ ಕಲಿಕೆ ಇಂಗ್ಲಿಷ್ ಅಕ್ಷರಗಳ ಕಲಿಕೆಗಿಂತ ದೀರ್ಘವಾದದ್ದು, ಅದು ಹಲವು ತರಗತಿಗಳವರೆಗೆ ಮುಂದುವರಿಯುತ್ತದೆ ಎಂದು ತೋರಿಸಿದೆ. ಹೀಗಿರುವಾಗ ಮೂವತ್ತು ದಿನಗಳ ಭರವಸೆಯನ್ನು ಯಾವ ಆಧಾರದ ಮೇಲೆ ಕೊಟ್ಟಿರಿ?

ಉಚ್ಚಾರಣೆಯ ಮಾತು ಇನ್ನೂ ಇದೆ. ಪಾಠ ಓದಿದ ಧ್ವನಿಗೆ ಳ ಮತ್ತು ಣ ಬರುವುದಿಲ್ಲ. ‘ಹಳ್ಳಿ’ಯ ಚಿತ್ರಕ್ಕೆ ‘ಹಲ್ಲಿ’ ಎಂದು, ‘ಬಳೆ’ಗೆ ‘ಬಲೆ’ ಎಂದು, ‘ಮಣೆ’ಗೆ ‘ಮನೆ’ ಎಂದು ಕೇಳಿಸುತ್ತದೆ. ‘ಬೆಳೆ’ ಮತ್ತು ‘ಬೇಳೆ’ ಎರಡಕ್ಕೂ ಒಂದೇ ಉದ್ದದ ಸ್ವರ. ಕಣ್ಣಿಗೆ ಒಂದು ಅಕ್ಷರ, ಕಿವಿಗೆ ಇನ್ನೊಂದು ಧ್ವನಿ ಕೊಟ್ಟರೆ ಮಗು ಯಾವುದನ್ನು ನಂಬಬೇಕು? ಕನ್ನಡ ಮನೆಮಾತಲ್ಲದ ಮಕ್ಕಳೂ, ಹೊರದೇಶಗಳಲ್ಲಿ ಬೆಳೆಯುತ್ತಿರುವ ಕನ್ನಡದ ಮಕ್ಕಳೂ ನಿಮ್ಮ ತಾಣ ಬಳಸುತ್ತಾರೆಂದು ನೀವೇ ಹೇಳಿಕೊಂಡಿದ್ದೀರಿ. ತಿದ್ದಿ ಹೇಳಲು ಪಕ್ಕದಲ್ಲಿ ಅಜ್ಜಿ ಇಲ್ಲದ ಆ ಮಕ್ಕಳು ನಿಮ್ಮ ಧ್ವನಿಯನ್ನೇ ಕನ್ನಡವೆಂದು ಕಲಿಯುತ್ತಾರೆ.

ಅಕ್ಷರ ತಿದ್ದುವ ಆಟದಲ್ಲಿ ಬೆರಳನ್ನು ಎತ್ತೆತ್ತ ಎಳೆದರೂ ನಕ್ಷತ್ರ ಸಿಗುತ್ತದೆ, ಅದನ್ನೂ ಸರಿಪಡಿಸಿ.

ಇನ್ನು ವ್ಯವಹಾರದ ವಿಷಯ. ಮಗುವಿನ ಭಾವಚಿತ್ರ, ಜನ್ಮದಿನಾಂಕ, ಶಾಲೆಯ ಹೆಸರು ಕೊಡದೆ ಮೊದಲ ಪಾಠವೇ ತೆರೆಯುವುದಿಲ್ಲ. ‘ಬ್’ ಧ್ವನಿ ಕಲಿಸಲು ಇವು ಏಕೆ ಬೇಕು? 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ 9ನೇ ಕಲಂ ಮಕ್ಕಳ ಮಾಹಿತಿಗೆ ಪೋಷಕರ ಪರಿಶೀಲಿತ ಒಪ್ಪಿಗೆ ಬೇಕೆನ್ನುತ್ತದೆ. ಮಕ್ಕಳ ಚಟುವಟಿಕೆಯ ಬೆನ್ನುಹತ್ತಿ ಅವರಿಗೆ ಜಾಹೀರಾತು ತೋರಿಸಬಾರದು ಎನ್ನುತ್ತದೆ. ಚಂದಾ ರದ್ದು ಮಾಡಲು ಹೋದರೆ ಗುಂಡಿ ಸಿಗುವುದಿಲ್ಲ. ಬದಲಿಗೆ ನಿಮ್ಮ ಪ್ರತಿನಿಧಿ ಕರೆ ಮಾಡಿ, ಈಗ ನಿಲ್ಲಿಸಿದರೆ ಮಗು ಹಿಂದೆ ಬೀಳುತ್ತದೆ ಎಂದು ಹೆದರಿಸುತ್ತಾರೆ. ಗ್ರಾಹಕರನ್ನು ಇಂಥ ಚಂದಾ ಬಲೆಯಲ್ಲಿ ಸಿಲುಕಿಸುವುದನ್ನು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರದ 2023ರ ಮಾರ್ಗಸೂಚಿ ನಿಷೇಧಿಸಿದೆ.

ಆದ್ದರಿಂದ ನನ್ನ ಚಂದಾ ರದ್ದುಪಡಿಸಿ 3,499 ರೂಪಾಯಿಯನ್ನು ಪೂರ್ತಿಯಾಗಿ ಹಿಂದಿರುಗಿಸಬೇಕು. ಮೊಮ್ಮಗಳ ಭಾವಚಿತ್ರ ಮತ್ತು ವಿವರಗಳನ್ನು ಅಳಿಸಿ ಲಿಖಿತವಾಗಿ ತಿಳಿಸಬೇಕು. ಮೂವತ್ತು ದಿನಗಳ ಜಾಹೀರಾತನ್ನು ಹಿಂತೆಗೆದುಕೊಳ್ಳಬೇಕು. ಕನ್ನಡ ಪಾಠಗಳನ್ನು ಕನ್ನಡ ಬಲ್ಲವರ ಧ್ವನಿಯಲ್ಲಿ ಮತ್ತೆ ಮುದ್ರಿಸಿ, ತರಗತಿಯಲ್ಲಿ ಓದು ಕಲಿಸಿದ ಅನುಭವವಿರುವ ಶಿಕ್ಷಕರಿಂದ ಪರಿಶೀಲಿಸಿದ ನಂತರವೇ ಮಕ್ಕಳ ಮುಂದಿಡಬೇಕು. ನಾನು ಗುರುತಿಸಿದ ತಪ್ಪುಗಳ ಪಾಠವಾರು ಪಟ್ಟಿಯನ್ನೂ ಹಣ ಪಾವತಿಯ ರಸೀದಿಯನ್ನೂ ಈ ಪತ್ರದೊಂದಿಗೆ ಇಟ್ಟಿದ್ದೇನೆ. ತಿದ್ದುವ ಕೆಲಸಕ್ಕೆ ನನ್ನ ನೆರವು ಬೇಕಾದರೆ ಸಂಭಾವನೆ ಕೇಳದೆ ಮಾಡಿಕೊಡುತ್ತೇನೆ. ಪತ್ರ ತಲುಪಿದ 15 ದಿನಗಳೊಳಗೆ ಉತ್ತರ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ರಲ್ಲಿ ದೂರು ದಾಖಲಿಸಿ, ಜಿಲ್ಲಾ ಗ್ರಾಹಕ ಆಯೋಗಕ್ಕೆ ಅರ್ಜಿ ಸಲ್ಲಿಸುತ್ತೇನೆ.

ಇಂತಿ,
ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕಿ,
ಧಾರವಾಡ