ಮಂಡಿ ಆಪರೇಷನ್: ಡಿಸ್ಚಾರ್ಜ್ ಚೀಟಿ ಕನ್ನಡದಲ್ಲಿರಲಿ

ಮಾನ್ಯರೇ,

ಮಂಡಿ ಕೀಲು ಬದಲಾವಣೆ ಆದವರನ್ನು ಈಗ ಕೆಲವೇ ದಿನಗಳಲ್ಲಿ ಮನೆಗೆ ಕಳಿಸುತ್ತಾರೆ. ಅದರಲ್ಲಿ ತಪ್ಪಿಲ್ಲ. ಆದರೆ ಕೈಗೆ ಕೊಡುವ ಡಿಸ್ಚಾರ್ಜ್ ಚೀಟಿ ಸಾಮಾನ್ಯವಾಗಿ ಇಂಗ್ಲಿಷಿನಲ್ಲಿರುತ್ತದೆ. ಮಾತ್ರೆಗಳ ಪಟ್ಟಿಯ ಕೆಳಗೆ ವ್ಯಾಯಾಮದ ಬಗ್ಗೆ ಹೆಚ್ಚೆಂದರೆ ಒಂದು ಸಾಲು. ಹೊಸ ಕೀಲು ಎಷ್ಟು ಮಡಚೀತು, ಎಷ್ಟು ನೇರವಾದೀತು ಎಂಬುದು ಬಹುಪಾಲು ತೀರ್ಮಾನವಾಗುವುದು ಮನೆಯಲ್ಲಿ ಕಳೆಯುವ ಮೊದಲ ವಾರಗಳಲ್ಲೇ.

ಮನೆಯವರು ಕಾಳಜಿಯಿಂದ ಮಾಡುವ ದೊಡ್ಡ ತಪ್ಪೆಂದರೆ ಮಂಡಿಯ ಕೆಳಗೆ ದಿಂಬು ಇಡುವುದು. ಹಾಯೆನಿಸುತ್ತದೆ, ನಿಜ. ಆದರೆ ಕೀಲಿನ ಸುತ್ತಲಿನ ಭಾಗ ಬಾಗಿದ ಸ್ಥಿತಿಯಲ್ಲೇ ಬಿಗಿದುಕೊಳ್ಳುತ್ತದೆ. ಹತ್ತು ಡಿಗ್ರಿ ಬಾಗು ಉಳಿದರೂ ನಡಿಗೆ ಕುಂಟುತ್ತದೆ, ನಿಂತಲ್ಲೇ ತೊಡೆ ಸೋಲುತ್ತದೆ. ಟವೆಲ್ ಸುರುಳಿ ಇಡಬೇಕಾದ್ದು ಹಿಮ್ಮಡಿಯ ಕೆಳಗೆ. ಮಂಡಿ ತನ್ನ ಭಾರಕ್ಕೇ ಇಳಿಯಲಿ, ಸಲಕ್ಕೆ ಹತ್ತು ನಿಮಿಷ, ದಿನಕ್ಕೆ ನಾಲ್ಕೈದು ಸಲ. ಜೊತೆಗೆ ಮಂಡಿಯನ್ನು ಹಾಸಿಗೆಗೆ ಒತ್ತಿ ಐದು ಸೆಕೆಂಡ್ ಹಿಡಿಯುವುದು, ಹಿಮ್ಮಡಿ ಜಾರಿಸುತ್ತ ಕಾಲು ಮಡಚುವುದು. ಎರಡು ವಾರದ ಹೊತ್ತಿಗೆ 90 ಡಿಗ್ರಿ ಮಡಚುವುದು ಒಳ್ಳೆಯ ಗುರಿ. ಅಷ್ಟಿಲ್ಲದಿದ್ದರೆ ಕುರ್ಚಿಯಿಂದ ಏಳುವುದೇ ಕಷ್ಟ.

‘ನೋವಿನ ಮಾತ್ರೆ ಕಿಡ್ನಿಗೆ ಕೆಟ್ಟದ್ದು’ ಎಂದು ಹಲವರು ಅದನ್ನು ತಾವೇ ನಿಲ್ಲಿಸುತ್ತಾರೆ. ನೋವಿಗೆ ಹೆದರಿ ಕಾಲು ಮಡಚುವುದಿಲ್ಲ, ಕೀಲು ಬಿಗಿಯುತ್ತದೆ. ಕಿಡ್ನಿ ತೊಂದರೆ ಇದ್ದವರಿಗೆ ಬೇರೆ ಮಾತ್ರೆ ಇದೆ, ವೈದ್ಯರನ್ನು ಕೇಳಬೇಕು. ಬರೆದುಕೊಟ್ಟ ಮಾತ್ರೆಯನ್ನು ವ್ಯಾಯಾಮಕ್ಕೆ ಅರ್ಧ ಗಂಟೆ ಮೊದಲು ನುಂಗಿದರೆ ಕೆಲಸ ಸಲೀಸು. ಬಿಗಿದ ಕೀಲನ್ನು ಅರಿವಳಿಕೆ ಕೊಟ್ಟು ಮಡಚಿಸಬಹುದು, ಆದರೆ ಮೂರು ತಿಂಗಳು ದಾಟಿದರೆ ಫಲ ಕಡಿಮೆ. ಎಣ್ಣೆ ತಿಕ್ಕುವುದು, ಬಿಸಿ ಶಾಖ ಈ ಹಂತದಲ್ಲಿ ಬೇಡ. ಊತಕ್ಕೆ ಬಟ್ಟೆಯಲ್ಲಿ ಸುತ್ತಿದ ಐಸ್ 15 ನಿಮಿಷ ಸಾಕು. ಊರುಗೋಲು ಆಪರೇಷನ್ ಆಗದ ಕಡೆಯ ಕೈಯಲ್ಲಿರಬೇಕು. ಮೆಟ್ಟಿಲು ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ಆಪರೇಷನ್ ಆದ ಕಾಲು ಮೊದಲು.

ವಾರ ಕಳೆದರೂ ಗಾಯದಿಂದ ನೀರು ಒಸರುತ್ತಿದ್ದರೆ ಮೆಡಿಕಲ್ ಶಾಪಿನ ಆಂಟಿಬಯೋಟಿಕ್ ಅಪಾಯ. ಸೋಂಕು ಮೇಲ್ನೋಟಕ್ಕೆ ಅಡಗುತ್ತದೆ, ಒಳಗೆ ರೋಗಾಣುಗಳು ಲೋಹದ ಮೇಲೆ ಪೊರೆ ಕಟ್ಟಿಕೊಳ್ಳುತ್ತವೆ. ಶಸ್ತ್ರವೈದ್ಯರು ಬೇಗ ಗಾಯ ತೆರೆದು ತೊಳೆದರೆ ಕೀಲು ಉಳಿಯಬಹುದು. ತಡವಾದರೆ ಕೀಲನ್ನೇ ತೆಗೆಯಬೇಕಾಗಬಹುದು. ಮೀನಖಂಡ ಊದಿ ನೋಯುವುದು ರಕ್ತ ಹೆಪ್ಪುಗಟ್ಟಿದ ಲಕ್ಷಣವಾಗಿರಬಹುದು. ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ ತಕ್ಷಣ ಆಸ್ಪತ್ರೆಗೆ.

ಹಾಕಿದ ಹತ್ತು ಕೀಲುಗಳಲ್ಲಿ ಸುಮಾರು ಎಂಟು 25 ವರ್ಷ ಬಾಳುತ್ತವೆ. ಆದರೂ ಸರಿಸುಮಾರು ಐವರಲ್ಲಿ ಒಬ್ಬರಿಗೆ ಒಂದಿಷ್ಟು ನೋವು ಉಳಿಯುತ್ತದೆ. ಇದನ್ನು ಆಪರೇಷನ್‌ಗೆ ಮೊದಲೇ ಹೇಳುವುದು ಪ್ರಾಮಾಣಿಕತೆ.

ಇವೆಲ್ಲ ಕನ್ನಡದ ಒಂದು ಹಾಳೆಯಲ್ಲಿ ಚಿತ್ರ ಸಮೇತ ಹಿಡಿಸುತ್ತವೆ. ಎರಡನೇ ಮತ್ತು ಆರನೇ ವಾರ ಫಿಸಿಯೋಥೆರಪಿಸ್ಟ್ ಕೀಲಿನ ಕೋನ ಅಳೆದು ಅದರಲ್ಲೇ ಬರೆಯಲಿ, ರಾತ್ರಿಯೂ ಕರೆ ಸ್ವೀಕರಿಸುವ ಫೋನ್ ನಂಬರ್ ಮೇಲ್ಗಡೆ ಇರಲಿ. ಹಾಳೆಯನ್ನು ದಾಖಲಾಗುವ ಮುಂಚೆಯೇ ಕೊಡಬೇಕು, ಏಕೆಂದರೆ ಮನೆಯಲ್ಲಿ ಕಮೋಡ್ ಕೂರಿಸಲು, ಬಚ್ಚಲಿಗೆ ಹಿಡಿಕೆ ಹಾಕಿಸಲು ದಿನಗಳು ಬೇಕು.

– ಫಿಸಿಯೋಥೆರಪಿಸ್ಟ್‌ಗಳು, ಹುಬ್ಬಳ್ಳಿ